ದಪ್ಪ ಅಕ್ಷರ

೧೪ ನವೆಂಬರ್ ೨೦೦೮, ಶುಕ್ರವಾರ

ಮದುವೆಯಾದ ವರ್ಷ ಶರ್ವರಿ ಮತ್ತು ನಾನು ಸೇರಿ ತೆರೆದ ಮೇಲ್‌ಬಾಕ್ಸನ್ನು ಕಂಪನಿಯವರು ಈ ತಿಂಗಳ ಕೊನೆಗೆ ಮುಚ್ಚುತ್ತಾರಂತೆ. ಶಂಶಾಬಾದಿನ ಹೊಸ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಾಗ ಅವಳು ಅಲ್ಲೇ ಮನೆ ಮಾಡಿದಳು, ನನ್ನನ್ನು ಕರೆಯಲಿಲ್ಲ. ಪಾಸ್‌ವರ್ಡನ್ನು ಮಾತ್ರ ಇಬ್ಬರೂ ಬದಲಾಯಿಸಿಲ್ಲ.

ಬ್ಯಾಕಪ್ ಹೇಗೆ ಮಾಡಲಿ ಎಂದು ಆಫೀಸಿನ ಅರವಿಂದನನ್ನು ಕೇಳಿದೆ.

"ಪಾಪ್ ಹಾಕ್ರಿ. ಎಲ್ಲಾ ನಿಮ್ಮ ಕಂಪ್ಯೂಟರಿಗೆ ಇಳೀತೈತಿ, ಮೇಲ್‌ಬಾಕ್ಸಿನ್ಯಾಗ ಏನೂ ಉಳಿಯೂದಿಲ್ಲ. ಐಮ್ಯಾಪ್ ಹಾಕಿದ್ರ ಅಲ್ಲಿಂದು ಅಲ್ಲೇ ಇರ್ತೈತಿ, ನೀವು ಇಲ್ಲಿ ಮಾಡಿದ್ದು ಅಲ್ಲೂ ಕಾಣ್ತೈತಿ."

ಅವನು ಪಾಪ್ ಎಂದದ್ದು ನನಗೆ ಪಾಪ ಎಂದೇ ಕೇಳಿಸಿತು. ಖಾಲಿ ಮಾಡಲು ಮನಸ್ಸಾಗದೆ ಐಮ್ಯಾಪ್ ಹಾಕಿದೆ.

ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಮೇಲುಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಕುಳಿತಿದ್ದೆ. ಎಲ್ಲಕ್ಕಿಂತ ಮೇಲೆ ಅವಳಿರುವ ಕಡೆಯ ದಿಲ್‌ಸುಖ್‌ನಗರದ ಸೀರೆ ಅಂಗಡಿಯ ಜಾಹೀರಾತು. ಯಾರೂ ತೆರೆದಿಲ್ಲವಾದ್ದರಿಂದ ದಪ್ಪ ಅಕ್ಷರದಲ್ಲಿತ್ತು. ನಾನು ಮುಟ್ಟದೆಯೇ ಅದರ ಅಕ್ಷರ ತೆಳ್ಳಗಾಯಿತು.

ಅವಳೂ ಈಗ ಇದನ್ನೇ ತೆರೆದುಕೊಂಡು ಕುಳಿತಿದ್ದಾಳೆ.

"ಊಟ ಆತೇನ" ಎಂದು ಬರೆದು ಅಳಿಸಿದೆ. ಜಾಹೀರಾತನ್ನು ಓದಿಲ್ಲವೆಂದು ಗುರುತು ಮಾಡಿದೆ. ಮತ್ತೆ ದಪ್ಪವಾಯಿತು. ಅಲ್ಲಿ ಅವಳಿಗೂ ಹಾಗೇ ಕಂಡಿರಬೇಕು. ಕಾದೆ. ತೆಳ್ಳಗಾಯಿತು.

ಸೀರೆ ಅಂಗಡಿಯ ಜಾಹೀರಾತನ್ನು ಯಾರೂ ಎರಡು ಸಲ ಓದುವುದಿಲ್ಲ.

ಬ್ಯಾಕಪ್ ಮುಗಿಯಿತೆಂದು ಪರದೆಯ ಮೇಲೆ ಬಂದಿದೆ. ಮುಚ್ಚಲು ಕೈ ಬರುತ್ತಿಲ್ಲ. ಇನ್ನೊಮ್ಮೆ ದಪ್ಪ ಮಾಡಿ ಬಿಟ್ಟಿದ್ದೇನೆ. ಇಷ್ಟು ಬರೆಯುವವರೆಗೂ ಅದು ಹಾಗೇ ಇದೆ.