ಸೀಮೆಸುಣ್ಣದ ಮಂಚ

ಕಿಟಕಿಯ ಪಕ್ಕದಿಂದ,
ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನ.
(ಯಾವ ಕಿಟಕಿ ಎಂದು ಈಗಲೇ ಕೇಳಬೇಡ. ಅದು ಕೊನೆಯ ಅಂಕದಲ್ಲಿ ಬರುತ್ತದೆ.)

ನನ್ನ ಪಕ್ಕದ ಪರದೆಯ ಮಹಾರಾಣಿಗೆ,

ಮೊದಲು ಕ್ಷೇಮಸಮಾಚಾರ. ನಿನ್ನ ಅಕ್ಕನ ಸೊಂಟದ ಮೂಳೆ ಕೂಡಿಕೊಂಡಿತೇ? ಕೋಲು ಹಿಡಿದು ನಡೆಯುತ್ತಿದ್ದಾರೆ ಎಂದು ಬರೆದಿದ್ದೆಯಲ್ಲ, ಆ ಕೋಲನ್ನು ನಿನ್ನ ಕಡೆ ಬೀಸುತ್ತಿಲ್ಲ ತಾನೇ? ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಳಿಯಬೇಡ ಅಂದರೆ ನೀನು ಕೇಳುವವಳಲ್ಲ, ಆದರೂ ಹೇಳುವುದು ನನ್ನ ಪಾತ್ರ. ನನ್ನ ಗಂಟಲು ಚೆನ್ನಾಗಿದೆ. ಎಷ್ಟು ಚೆನ್ನಾಗಿದೆ ಎಂದರೆ ಪಕ್ಕದ ಮನೆಯವರು ನನ್ನನ್ನು ಕಂಡರೆ ಕಿಟಕಿ ಮುಚ್ಚುತ್ತಾರೆ. ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ಪಾತ್ರೆಗಳು ನಿನ್ನನ್ನೇ ನೆನೆನೆನೆದು ಕಪ್ಪಾಗಿವೆ.

ಇನ್ನು ಕಥೆಗೆ ಬಾ. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ನೀನು ನನಗೆ ಒಪ್ಪಿಸಿದ ಕೆಲಸ ಒಂದೇ. "ರೀ, ನಾನು ಬರೋದ್ರೊಳಗೆ ಆ ಮನೆ ಖಾಲಿ ಆಗಿರ್ಬೇಕು. ಒಂದ್ಸಲ ಹೋಗಿ ಗುಡುಗಿ, ಅವ್ರೇ ಗಂಟುಮೂಟೆ ಕಟ್ತಾರೆ." ಮನೆ ಕೊಳ್ಳುವಾಗಲೇ ನಮಗೆ ಗೊತ್ತಿತ್ತು, ಒಳಗೆ ಬಾಡಿಗೆಯವರಿದ್ದಾರೆ, ಅವರ ಕರಾರು ಮುಂದಿನ ಬೇಸಿಗೆಯವರೆಗೂ ಇದೆ ಎಂದು. ವಕೀಲರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರಲ್ಲ, "ಮನೆ ನಿಮ್ಮದೇ ಸ್ವಾಮಿ. ಆದ್ರೆ ಕರಾರು ಮುಗಿಯೋ ತನಕ ಬಾಗಿಲು ಅವರದು. ಅವರಾಗೇ ಒಪ್ಪಿ ಬಿಟ್ಟುಕೊಟ್ರೆ ಸರಿ, ಇಲ್ದಿದ್ರೆ ನೀವು ಬೆಲ್ ಮಾಡಿ ಕಾಯ್ಬೇಕು." ಇತ್ತ ನಾವಿದ್ದ ಮನೆಯ ಮಾಲೀಕ ತಿಂಗಳು ಮುಗಿಯುವುದರೊಳಗೆ ಬೀಗದಕೈ ಬೇಕೇ ಬೇಕು ಎಂದು ಪಟ್ಟು ಹಿಡಿದು ಕೂತಿದ್ದ. ನೀನಂತೂ ನಾಟಕದ ಟ್ರಂಕುಗಳ ಮೇಲೆ, ಮಡಚಿದ ಪರದೆಗಳ ಮೇಲೆ, ಊರೂರಿನ ಬಾಡಿಗೆ ಕೋಣೆಗಳಲ್ಲಿ ಮಲಗಿ ಮಲಗಿ ಬೆನ್ನು ಸವೆಸಿದವಳು. "ನನ್ನದು ಅಂತ ಒಂದು ಗೋಡೆ ಬೇಕು, ಅದಕ್ಕೆ ನನಗಿಷ್ಟ ಬಂದ ಕಡೆ ಮೊಳೆ ಹೊಡೀಬೇಕು" ಎಂದು ನೀನು ಅಂದ ಮಾತು ಗೋಡೆ ಸಿಗದೆ ನನ್ನ ಎದೆಯಲ್ಲೇ ನೆಟ್ಟುಕೊಂಡಿತ್ತು.

ಗುಡುಗಲು ಹೊರಟೆ! ಕನ್ನಡಿಯ ಮುಂದೆ ತಾಲೀಮು ಮಾಡಿದೆ. ಶಾಲು ಎಡ ಹೆಗಲ ಮೇಲಿರಬೇಕೋ ಬಲ ಹೆಗಲ ಮೇಲೋ ಎಂದು ಅರ್ಧ ಬೆಳಗು ಕಳೆದೆ. "ಎಲೈ ಗೃಹವಾಸಿಗಳಿರಾ, ಈ ಗೋಡೆಗಳು ತಮ್ಮ ಒಡತಿಯ ಹೆಜ್ಜೆಗಾಗಿ ಹಂಬಲಿಸುತ್ತಿವೆ!" ಎಂದು ಶುರು, ಕೊನೆಗೆ ಗದ್ಗದ, ನಡುವೆ ಒಂದು ನಿಟ್ಟುಸಿರು. ಹೋಗಿ ಬೆಲ್ಲಿನ ಗುಂಡಿ ಒತ್ತಿದೆ. ಸದ್ದೇ ಇಲ್ಲ. ಕೆಟ್ಟಿರಬೇಕೆಂದು ಮತ್ತೆ ಒತ್ತಿದೆ. ಆಮೇಲೆ ಸಿಟ್ಟು ಬಂದು, ಯುದ್ಧದ ದೃಶ್ಯದಲ್ಲಿ ನಗಾರಿ ಬಾರಿಸುವವನ ಹಾಗೆ ಒತ್ತಿದ್ದೇ ಒತ್ತಿದ್ದು. ಬಾಗಿಲು ತೆರೆಯಿತು. ಕುತ್ತಿಗೆಯಲ್ಲಿ ಅಳತೆ ಟೇಪು, ಹೆಗಲ ಮೇಲೆ ದಾರದ ಎಳೆಗಳು, ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಅವಳ ಹಿಂದೆ, ಮನೆಯ ಒಳಗೆಲ್ಲ, ದೀಪಗಳು ಹತ್ತಿ ಆರಿ ಹತ್ತಿ ಆರಿ ಕುಣಿಯುತ್ತಿವೆ! "ಬೆರಳು ತೆಗೀರಿ ಯಜಮಾನ್ರೇ, ಒಳಗೆ ಸಿಡಿಲು ಹೊಡೀತಿದೆ" ಅಂದಳು. ಆ ದನಿಯಲ್ಲಿ ಏರಿಳಿತವಿಲ್ಲ, ಚಪ್ಪಟೆ ರಸ್ತೆಯ ಮೇಲೆ ನಡೆದು ಬಂದ ಹಾಗಿತ್ತು.

ಬೆರಳು ತೆಗೆದೆ, ಬಾಯಿ ತೆಗೆದೆ. ಅವಳು ನನ್ನ ತುಟಿಗಳನ್ನೇ ನೋಡುತ್ತ ನಿಂತಳು. ಎಲೈ ಎಂಬಲ್ಲಿಂದ ಗದ್ಗದದವರೆಗೆ ಕಣ್ಣು ಮಿಟುಕಿಸಲಿಲ್ಲ. ಮುಗಿದ ಮೇಲೆ ಒಳಗಿನಿಂದ ಗಂಡನನ್ನು ಕೈ ಬೀಸಿ ಕರೆದಳು. ಅವನು ಬೇಕರಿಯ ಕೆಲಸದವನು, ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ, ಹುಬ್ಬಿನ ಮೇಲೆಲ್ಲ ಹಿಟ್ಟು. "ಇನ್ನೊಂದ್ಸಲ ಹೇಳಿ. ಇವ್ರೂ ನೋಡ್ಲಿ" ಅಂದಳು. ಗಂಡನಿಗೆ ಹುಟ್ಟಿನಿಂದ ಕಿವಿ ಕೇಳದು. ಅವಳ ಕಿವಿಯನ್ನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಜ್ವರ ತೆಗೆದುಕೊಂಡು ಹೋಯಿತಂತೆ. "ಎಲ್ಲರೂ ಮಾತನ್ನ ಬಾಯಲ್ಲೇ ಅಗಿದು ನುಂಗ್ತಾರೆ. ನಿಮ್ಮ ಬಾಯಲ್ಲಿ ಒಂದೊಂದು ಅಕ್ಷರಾನೂ ಎದ್ದು ನಿಂತ್ಕೊಳ್ಳುತ್ತೆ." ಹಿಂದಿನ ಬೆಂಚಿನವನಿಗಾಗಿ ಬಾಯಿ ತೆರೆಯೋ ಎಂದು ನಮ್ಮ ಕಂಪನಿಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ವಿದ್ಯೆ ನೋಡು! ಒನ್ಸ್ ಮೋರ್ ಅಂದಮೇಲೆ ಯಾವ ನಟ ಬಿಟ್ಟಾನು? ಮತ್ತೆ ಆಡಿದೆ, ಈ ಸಲ ಶಾಲು ಬೀಸಿ. ಇಬ್ಬರೂ ಎರಡೂ ಕೈ ಮೇಲೆತ್ತಿ ಬೆರಳುಗಳನ್ನು ಗಾಳಿಯಲ್ಲಿ ಎಲೆಗಳ ಹಾಗೆ ಅಲುಗಾಡಿಸಿದರು. ಅದು ಅವರ ಚಪ್ಪಾಳೆ. ಸದ್ದಿಲ್ಲದ ಆ ಚಪ್ಪಾಳೆಗೆ ನಾನು ತಲೆಬಾಗಿದೆ. ಆಮೇಲೆ ಅವಳು ನಗುತ್ತಲೇ ಅಂದಳು, "ತುಂಬಾ ಚೆನ್ನಾಗಿತ್ತು. ಆದ್ರೆ ಕರಾರಿದೆಯಲ್ಲ ಯಜಮಾನ್ರೇ?" ಖಾಲಿ ಮಾಡಿಸಲು ಹೋದವನು ಚಹಾ ಕುಡಿದು ಬಂದೆ.

ಅವತ್ತು ಹೊರಡುವ ಮೊದಲು, ಹೋದದ್ದು ವ್ಯರ್ಥವಾಗಬಾರದೆಂದು, ಸಾಮಾನು ಎಲ್ಲಿ ಹಿಡಿಸುತ್ತದೆ ನೋಡಬಹುದೇ ಎಂದು ಕೇಳಿದ್ದೆ. ನೋಡಿ ಅಂದಿದ್ದರು. ನನ್ನ ಜೇಬಿನಲ್ಲಿ ಸೀಮೆಸುಣ್ಣ ಇಲ್ಲದ ದಿನವುಂಟೇ? ರಂಗದ ಮೇಲೆ ಸಿಂಹಾಸನ ಬರುವ ಮೊದಲೇ ಅದರ ಜಾಗ ನೆಲದ ಮೇಲೆ ಬರುತ್ತದೆ, ನೀನೇ ಅಲ್ಲವೇ ಎಷ್ಟೋ ಸಲ ಬರೆದವಳು. ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ನಿನ್ನ ಮಂಚವನ್ನು ಬರೆದೆ. ತಲೆಯ ಕಡೆ ಒಂದು ಗುರುತು, ನಿನ್ನ ಚಪ್ಪಲಿಗೆ ಒಂದು ಪುಟ್ಟ ಚೌಕ. ಅಳಿಸುವುದನ್ನು ಮರೆತು ಬಂದುಬಿಟ್ಟೆ. ಬೇರೆಯವರ ಮನೆಯ ನೆಲವನ್ನು ಖಾಲಿ ರಂಗ ಎಂದುಕೊಳ್ಳುವ ಮರೆವು ನಮ್ಮಂಥವರಿಗಲ್ಲದೆ ಇನ್ಯಾರಿಗೆ ಬರಬೇಕು?

ಮುಂದಿನ ವಾರ ಇನ್ನೊಂದು ಗುಡುಗು ತಯಾರಿಸಿಕೊಂಡು ಹೋದೆ. ಆ ಹೊತ್ತನ್ನು ನಿನಗೆ ಹೇಗೆ ತೋರಿಸಲಿ! ಅವಳು ಮನೆಯಲ್ಲೇ ಕಿಟಕಿ ಪರದೆಗಳನ್ನು ಹೊಲಿದು ಕೊಡುವವಳು. ಕೋಣೆಯ ತುಂಬ ಹಗ್ಗ ಕಟ್ಟಿ ಹೊಸ ಪರದೆಗಳನ್ನು ಇಳಿಬಿಟ್ಟಿದ್ದಳು. ಬಿಸಿಲು ಒಂದರಿಂದ ನೀಲಿಯಾಗಿ, ಇನ್ನೊಂದರಿಂದ ಜೇನಿನ ಬಣ್ಣವಾಗಿ ಸೋರುತ್ತಿತ್ತು. ಸದ್ದೇ ಇಲ್ಲದ ಆ ಬೆಳಕಿನಲ್ಲಿ ಗಂಡ ಹೆಂಡತಿ ಇಬ್ಬರೂ ನೀರಿನಡಿ ನಡೆಯುವವರ ಹಾಗೆ ಓಡಾಡುತ್ತಿದ್ದರು. ಅವನು ಬಟ್ಟೆಯ ಸುರುಳಿ ಹೊತ್ತು ಬಂದವನು ಕೋಣೆಯ ನಡುವೆ ಇದ್ದಕ್ಕಿದ್ದ ಹಾಗೆ ಪಕ್ಕಕ್ಕೆ ಸರಿದ, ಸುತ್ತಿ ಹೋದ. ಅವಳೂ ಸುತ್ತಿ ಬಂದಳು. ನೋಡುತ್ತೇನೆ, ನನ್ನ ಸೀಮೆಸುಣ್ಣದ ಮಂಚ ಗೆರೆಯೂ ಮಾಸದೆ ಹಾಗೇ ಇದೆ! ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿದ್ದಾರೆ. ನೆಲ ಒರೆಸುವಾಗ ಗೆರೆಯ ಸುತ್ತ ಒರೆಸಿದ್ದಾರೆ. "ಯಾಕಮ್ಮಾ ಹೀಗೆ?" ಅಂದೆ. "ಅಲ್ಲಿ ಅಮ್ಮಾವ್ರು ಮಲಗ್ತಾರಲ್ಲ, ತುಳಿಯೋದು ಹೇಗೆ? ಇವ್ರು ಮೊನ್ನೆ ಕಾಲಿಟ್ಟುಬಿಟ್ಟು ಕ್ಷಮಿಸಿ ಅಂತ ಸನ್ನೆ ಮಾಡಿದ್ರು" ಅಂದಳು. ಅವಳ ತುಟಿ ಓದಿದ ಬೇಕರಿಯವನು ಸಿಕ್ಕಿಬಿದ್ದ ತುಂಟ ಹುಡುಗನ ಹಾಗೆ ಕೆಂಪಾದ.

ಅಲ್ಲಿ, ಆ ಖಾಲಿ ಚೌಕದಲ್ಲಿ, ನೀನು ಮಗ್ಗುಲಾಗಿ ಮಲಗಿದ್ದು ನನಗೆ ಕಂಡಿತು ಕಣೇ. ಜೇನಿನ ಬಣ್ಣದ ಬಿಸಿಲು ನಿನ್ನ ಪಾದದ ಮೇಲಿತ್ತು.

ತಯಾರಿಸಿಕೊಂಡು ಹೋದ ಮಾತು ಒಂದೂ ನೆನಪಾಗಲಿಲ್ಲ. ಮಾತು ಮರೆತಾಗ ನಾನೇನು ಮಾಡುತ್ತೇನೆ ಎಂದು ನಿನಗೆ ಗೊತ್ತು. ಎಡಕ್ಕೆ, ರಂಗದಲ್ಲಿ ಪಕ್ಕದ ಪರದೆ ಇರುವ ಕಡೆ ಕಣ್ಣು ಹೋಯಿತು. ಜೀವಮಾನವೆಲ್ಲ ನೀನು ಅಲ್ಲಿ ನಿಂತು, ಸದ್ದು ಮಾಡದೆ, ಬರೀ ತುಟಿಯಲ್ಲಿ ನನಗೆ ಮಾತು ಎತ್ತಿಕೊಟ್ಟೆ. ದೀಪಗಳ ಝಳದಲ್ಲೂ ನಿನ್ನ ತುಟಿ ಓದಿ ನಾನು ರಾಜನಾದೆ. ಈ ಹೆಣ್ಣುಮಗಳು ನನ್ನ ಬಾಯಿಯನ್ನು ನೋಡುತ್ತಿದ್ದದ್ದು ಅದೇ ನೋಟ. ಮುಂದಿನ ಮಾತು ಬರುತ್ತದೋ ಇಲ್ಲವೋ ಎಂಬ ನೋಟ.

ಆಗಲೇ ಅವಳು ಹೇಳಿದ್ದು. ಈ ಮನೆ ಸಿಗುವ ಮೊದಲು ಬಾಗಿಲು ಬಾಗಿಲು ಅಲೆದರಂತೆ. "ಕಿವಿ ಕೇಳದವರಿಗೆ ಹೇಗಮ್ಮಾ ಕೊಡೋದು, ನಾಳೆ ಬೆಂಕಿ ಬಿದ್ರೆ ಕೂಗಿದ್ದು ಕೇಳುತ್ತಾ ನಿಮಗೆ?" ಎಂದು ಎಲ್ಲರದೂ ಒಂದೇ ಪಲ್ಲವಿ. ಇಲ್ಲಿ ಬಂದ ಮೇಲೆ ಬೇಕರಿಯವನು ಒಂದೊಂದೇ ಕೋಣೆಗೆ ತಂತಿ ಎಳೆದು, ಬೆಲ್ಲನ್ನು ದೀಪವಾಗಿಸಿ, ಮನೆಗೆ ಮಾತು ಕಲಿಸಿದ್ದಾನೆ. ಕರಾರು ಇರುವಷ್ಟು ದಿನ ಅವರಿಗೆ ಈ ಮನೆ ಮಾತಾಡುತ್ತದೆ. ಆಮೇಲೆ? ಮೂವರೂ ನಿನ್ನ ಮಂಚದ ಸುತ್ತ ನಿಂತು ಚಹಾ ಕುಡಿದೆವು.

ಪತ್ರ ಉದ್ದವಾಯಿತು. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಕೋಲಿಗೂ ಹೇಳು. ನಿನ್ನ ಮಂಡಿಗೆ ಎಣ್ಣೆ ತಪ್ಪಿಸಬೇಡ. ನೀನು ನಗುತ್ತಾ ಇರು, ಬೈಯುವುದಿದ್ದರೂ ನಗುತ್ತಲೇ ಬೈ.

ಇಂತು,
ಹಿಂದಿನ ಬೆಂಚಿಗೂ ಕೇಳಿಸುವ ನಿನ್ನ ಗಂಡ

ಮರೆತ ಮಾತು: ಹಳೆಯ ಮನೆಗೆ ಹೋಗಬೇಡ! ನಿನ್ನೆ ಬೀಗದಕೈ ಮಾಲೀಕನ ಕೈಗಿಟ್ಟೆ. ಮಂಚ ಸೀಮೆಸುಣ್ಣದ ಗೆರೆಯ ಮೇಲೆ ಕೂದಲೆಳೆಯೂ ಆಚೀಚೆ ಆಗದೆ ಕೂತಿದೆ, ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ಕೋಣೆಯನ್ನು ಅವರಾಗಿಯೇ ಬಿಟ್ಟುಕೊಟ್ಟರು, ಹಿಂದಿನವು ಅವರಿಗೆ. ಅಡುಗೆಮನೆ ಇಬ್ಬರಿಗೂ. ಬೇಸಿಗೆಯಲ್ಲಿ ಕರಾರು ಮುಗಿಯುತ್ತದೆ. ಮುಂದಿನ ಕರಾರಿಗೆ ನಾನು ಸಹಿ ಹಾಕಿಲ್ಲ, ಮನೆಯೊಡತಿ ನೋಡಿ ಹೇಳಲಿ ಅಂದಿದ್ದೇನೆ. ಅವರು ಕಾಯುತ್ತಿದ್ದಾರೆ, ನಾನೂ. ಗೋಡೆಗೆ ಒಂದೂ ಮೊಳೆ ಹೊಡೆದಿಲ್ಲ, ಸುತ್ತಿಗೆ ನಿನ್ನ ದಿಂಬಿನ ಕೆಳಗಿದೆ. ನೀನು ಕೂಗಾಡಿದರೆ ನನಗೊಬ್ಬನಿಗೇ ಕೇಳುತ್ತದೆ. ಬರೀ ತುಟಿಯಲ್ಲಿ ಹೇಳಿದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಬಂದಾಗ ಬೆಲ್ಲಿನ ಗುಂಡಿ ಒಂದೇ ಸಲ ಒತ್ತು. ಹೊರಗೆ ನಿಂತವರಿಗೆ ಏನೂ ಕೇಳುವುದಿಲ್ಲ, ಏನೂ ಕಾಣುವುದಿಲ್ಲ. ಒಳಗೆ ದೀಪ ಹತ್ತಿದೆ ಎಂದು ನಂಬಿ ನಿಂತಿರು.