ಮುಗಿಸಲು ಬಿಡದ ಹಾಡು

ನವೆಂಬರ್ ೧೬, ಭಾನುವಾರ. ಶಿಕಾರಿಪುರ.

ಬೆರಳು ಇನ್ನೂ ಉರಿಯುತ್ತಿದೆ. ಇವತ್ತು ತಾಳಗುಂದದ ಮದುವೆಯಲ್ಲೂ ಅದೇ ಹಾಡು.

ಕಾಲೇಜಿನ ಬ್ಯಾಂಡಿಗೆಂದು ನಾನೇ ಕಟ್ಟಿದ ಸೈಕೆಡೆಲಿಕ್ ರಾಕ್ ಅದು. ನಡುವೆ ಗಿಟಾರ್ ಒಂದೇ ಸ್ವರವನ್ನು ಸುತ್ತುತ್ತಲೇ ಇರುತ್ತದೆ. ಮೊದಲ ಸಲ ಹುಡುಗರು ಕೂಗಾಡಿ ನಮ್ಮನ್ನು ವೇದಿಕೆಯಿಂದ ಇಳಿಸಿದ್ದರು. ಆಮೇಲೆ ಕುಪ್ಪಗಡ್ಡೆಯಲ್ಲಿ ನುಡಿಸಿದಾಗ ಅಲ್ಲಿನ ಹಾಲಮ್ಮನ ಮೈಮೇಲೆ ದೇವಿ ಬಂದಳು. ಅಂದಿನಿಂದ ನಮ್ಮನ್ನು ಕರೆಯುವವರೆಲ್ಲ ಹಾಲಮ್ಮನನ್ನೂ ಕರೆಸುತ್ತಾರೆ. ದೇವಿ ಇಳಿಯುವ ತನಕ ಗಿಟಾರ್ ನಿಲ್ಲಿಸುವಂತಿಲ್ಲ. ಇವತ್ತು ಕೈಸೋತು ನಿಧಾನ ಮಾಡಿದ್ದಕ್ಕೆ ಮದುಮಗನ ಅಜ್ಜ ಗದರಿದರು.

"ಏ ತಮ್ಮಾ, ನಿಲ್ಲಿಸ್ಬ್ಯಾಡ! ತಾಯಿ ಇನ್ನೂ ಇಳಿದಿಲ್ಲ."

ಕೊನೆಗೆ ತಂತಿಯೇ ಹರಿಯಿತು. ಹಾಲಮ್ಮ ಅಲ್ಲೇ ಕುಸಿದು ಕೂತಳು.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದಳು. ಮಂಡಿ ನೀವಿಕೊಳ್ಳುತ್ತಾ ಪಿಸುಗುಟ್ಟಿದಳು: "ನಿಮಗೆ ಅಷ್ಟು ಹಟ ಯಾಕ್ರೀ? ಕುಪ್ಪಗಡ್ಡೇಲಿ ತಾಯಿ ಬಂದಿದ್ದು ನಿಜ. ಆಮೇಲೆ ಒಂದ್ಸಲನೂ ಬಂದಿಲ್ಲ. ನೀವು ನಿಲ್ಲಿಸ್ಲಿ ಅಂತ ಕಾಯ್ತಾ ನಾನು ಕುಣೀತಾನೇ ಇದೀನಿ."

ಉರಿಯುತ್ತಿದ್ದ ಎಡಗೈ ಬೆರಳುಗಳನ್ನು ಅವಳಿಗೆ ತೋರಿಸಿದೆ.

ಹೊಸ ತಂತಿ ಕಟ್ಟಿದ್ದಾಯಿತು. ಶುಕ್ರವಾರ ಈಸೂರು. ಅವಳನ್ನೂ ಕರೆದಿದ್ದಾರೆ. ಅಷ್ಟು ಜನರೆದುರು ಇಬ್ಬರಲ್ಲಿ ಮೊದಲು ಯಾರು ನಿಲ್ಲಿಸಬೇಕು?