ಅಕ್ಕನ ಕಣ್ಣಿಗೆ ಹೊಂದಿಸಿದ್ದು

ಮಾರ್ಚ್ 3, ಸಂಜೆ

ಇವತ್ತೂ ತಲೆನೋವು. ಬೆಳಗ್ಗೆ ಮೇಜು ಒರೆಸಿದೆ, ದೀಪ ಹಾಕಿದೆ, ಕಲ್ಲನ್ನು ಮರಳುಚೀಲದ ಮೇಲೆ ಅಲುಗದಂತೆ ಕೂರಿಸಿದೆ. ಮೈಕ್ರೊಸ್ಕೋಪಿಗೆ ಮುಖ ಒಡ್ಡಿದೆ. ಎರಡು ವೃತ್ತ. ಒಂದರಲ್ಲಿ ಮೀನು, ಇನ್ನೊಂದರಲ್ಲಿ ಬರೀ ಕತ್ತಲು. ಎಡಗಣ್ಣು ಮುಚ್ಚಿಕೊಂಡೆ. ಕೆಲಸ ಶುರು.

ಅಕ್ಕ ತೀರಿಹೋದ ಮೇಲೆ ಅವಳ ಕುರ್ಚಿ ನನಗೆ ಬಂತು. ಅಲ್ಲಿಯವರೆಗೆ ಮ್ಯೂಸಿಯಮ್ಮಿನ ಹಿತ್ತಲಲ್ಲಿ ಕಲ್ಲು ತೊಳೆಯುವುದು, ಮಣ್ಣು ಜರಡಿ ಹಿಡಿಯುವುದು ನನ್ನ ಪಾಲು. ಅಕ್ಕನದು ಒಳಗಿನ ಕೆಲಸ. ಕಲ್ಲಾಗಿ ಹೋದ ಜೀವಗಳನ್ನು ಸೂಜಿ ಹಿಡಿದು ಬಿಡಿಸುವುದು. ಈ ಮೀನನ್ನು ಅರ್ಧ ಬಿಡಿಸಿದ್ದಳು. ತಲೆಯಿಂದ ಹೊಟ್ಟೆಯವರೆಗೆ ಅವಳದು. ಬಾಲ ಇನ್ನೂ ಕಲ್ಲೊಳಗೆ.

ಕಣ್ಣಿಡುವ ಐಪೀಸುಗಳ ನಡುವಿನ ಅಂತರ ಅವಳು ಇಟ್ಟ ಹಾಗೇ ಇದೆ. ಅಕ್ಕನದು ಅಗಲ ಮುಖ. ನನ್ನದು ಕೋಲುಮುಖ. ಒತ್ತಿದರೆ ಎರಡೂ ಹತ್ತಿರ ಬರುತ್ತವೆ — ಗೊತ್ತು. ಒತ್ತಲಿಲ್ಲ. ಅವಳ ಬಟ್ಟೆ ಕೊಟ್ಟಾಯಿತು. ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿಯಾಯಿತು. ಅವಳ ಮೈಯ ಅಳತೆ ಅಂತ ಉಳಿದಿರುವುದು ಇದೊಂದರಲ್ಲೇ.

ಮನೆಗೆ ಬಂದ ಕೂಡಲೇ ಅಮ್ಮ, "ಎಷ್ಟು ಹೊರಗೆ ಬಂತೇ ನಿನ್ನ ಮೀನು?"

ಅಕ್ಕನನ್ನೂ ಹೀಗೇ ಕೇಳುತ್ತಿದ್ದಳು. ಅಕ್ಕ ಊಟ ಆರಿಹೋಗುವವರೆಗೂ ಹೇಳುತ್ತಿದ್ದಳು.

"ಹೇಳೋಕೇನಿದೆಯಮ್ಮ, ಕಲ್ಲು."

ಅಮ್ಮ ಮತ್ತೆ ಕೇಳಲಿಲ್ಲ.

ಮಾರ್ಚ್ 5

ಗೋಂದಣ್ಣ ಕಂಡುಹಿಡಿದ. ಮ್ಯೂಸಿಯಮ್ಮಿನಲ್ಲಿ ಮುರಿದ ಮೂಳೆಗಳನ್ನು ಗೋಂದು ಹಾಕಿ ಅಂಟಿಸುವವನು. ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ.

"ಏನಮ್ಮಾ, ಮೀನಿಗೆ ಕಣ್ಣು ಹೊಡೀತಾ ಇದ್ದೀಯ?"

"ಧೂಳು ಬಿತ್ತು."

"ಕೂತಾಗಿಂದ ಬೀಳ್ತಾನೇ ಇದೆಯಲ್ಲ. ಎಂಥಾ ಧೂಳಪ್ಪಾ ಇದು, ನಿನ್ನ ಎಡಗಣ್ಣನ್ನೇ ಹುಡುಕ್ಕೊಂಡು ಬರುತ್ತೆ."

ನಕ್ಕ ಹಾಗೆ ಮಾಡಿದೆ.

ಮಾರ್ಚ್ 9

ಮುರಿದೆ.

ಒಂದೇ ಕಣ್ಣಿಗೆ ಎಲ್ಲವೂ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆ. ಸೂಜಿಯ ತುದಿ ಕಲ್ಲಿಗೆ ತಾಗಿದೆಯೋ, ಮೇಲೆಯೇ ಇದೆಯೋ ತಿಳಿಯುವುದಿಲ್ಲ. ಇನ್ನೂ ತಾಗಿಲ್ಲ ಅಂದುಕೊಂಡು ಒತ್ತಿದೆ. ಟಕ್. ಪಕ್ಕೆಲುಬು. ಅದೂ ಅಕ್ಕ ಬಿಡಿಸಿಟ್ಟಿದ್ದು.

ಗೋಂದಣ್ಣ ಒದ್ದೆ ಬ್ರಷ್ಷಿನ ತುದಿಯಿಂದ ಚೂರನ್ನು ಎತ್ತಿ ಜಾಗಕ್ಕೆ ಕೂರಿಸಿದ. ಈ ಸಲ ಅವನು ತಮಾಷೆ ಮಾಡದಿದ್ದದ್ದಕ್ಕೇ ಹೆಚ್ಚು ಭಯವಾಯಿತು.

ನಮ್ಮ ಕೆಲಸ ನೋಡಿಕೊಳ್ಳುವ ಮೇಡಂ ಕರೆಸಿದರು. ಬೈಯುವವರಲ್ಲ. "ಮುರಿಯೋದು ಎಲ್ಲರ ಕೈಲೂ ಆಗುತ್ತೆ. ಆದರೆ ಇನ್ನೊಂದು ಮುರಿದ್ರೆ ಈ ಕಲ್ಲನ್ನ ಕಪಾಟಿಗೆ ಕಳಿಸಿಬಿಡ್ತೀನಿ. ಅರ್ಧ ಆಗಿದ್ದು ಅರ್ಧವೇ ಇರಲಿ. ಹಾಳಾಗೋದು ಬೇಡ."

ಕಪಾಟಿಗೆ ಹೋದದ್ದು ನಮ್ಮ ಕಾಲಕ್ಕೆ ಹೊರಗೆ ಬರುವುದಿಲ್ಲ. ಅಕ್ಕನ ಮೀನು ಬಾಲವಿಲ್ಲದೆ ಕತ್ತಲಲ್ಲಿ...

ಮಾರ್ಚ್ 13

ಜ್ವರ ಅಂತ ಹೇಳಿ ಮನೆಯಲ್ಲೇ ಇದ್ದೆ. ಇವತ್ತು ಹೋದೆ.

ಗೋಂದಣ್ಣ ಸ್ಟೂಲು ಎಳೆದುಕೊಂಡು ಪಕ್ಕಕ್ಕೇ ಕೂತ. "ಈಗ ಹೇಳು. ಆ ಯಂತ್ರಕ್ಕೆ ಎರಡು ಕಣ್ಣು ಇಟ್ಟಿರೋದು ಅಂದಕ್ಕಲ್ಲ. ನೀನ್ಯಾಕೆ ಒಂದನ್ನ ಮುಚ್ಕೊಂಡು ಒದ್ದಾಡ್ತೀಯ?"

ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವನು ಗೋಂದು ಮೆತ್ತಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ, "ಅವಳಿದ್ದಿದ್ರೆ ನಿನ್ನ ತಲೆಗೆ ಒಂದು ಮೊಟಕ್ತಿದ್ಲು," ಅಂದ. ಯಂತ್ರದ ಕಡೆ ಬಗ್ಗಿ, "ಒಂದು ಕೆಲಸ ಮಾಡೋಣ. ಅವಳ ಅಳತೆ ಎಲ್ಲಿದೆಯೋ ಅಲ್ಲಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಹಾಕ್ತೀನಿ. ಆಮೇಲೆ ನಿನ್ನದಕ್ಕೆ ಹೊಂದಿಸ್ಕೋ. ಬೇಕಾದಾಗ ವಾಪಸ್ ತರಬಹುದು. ಆಗಬಹುದಾ?"

ಹೂಂ ಅಂದೆ. ಬಣ್ಣ ತರಲು ಹೋದ.

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಅವನು ಬರುವಷ್ಟರಲ್ಲಿ ಒತ್ತಿಬಿಟ್ಟಿದ್ದೆ.

ಕತ್ತಲು ಸರಿಯಿತು. ಎರಡೂ ವೃತ್ತಗಳು ಹತ್ತಿರ ಬಂದವು, ಒಂದರ ಮೇಲೊಂದು ಏರಿದವು, ಒಂದಾದವು. ಮೀನು ಎದ್ದಿತು.

ಎದ್ದಿತು ಎನ್ನುವುದಕ್ಕಿಂತ ಬೇರೆ ಮಾತು ತಿಳಿಯದು. ಪಕ್ಕೆಲುಬುಗಳು ಸೇತುವೆಯ ಕಮಾನಿನ ಹಾಗೆ ಮೇಲೆ. ಅವುಗಳ ಕೆಳಗೆ ನೆರಳು. ಆ ನೆರಳಿನ ಒಳಗೆ ಆಚೆ ಬದಿಯ ಪಕ್ಕೆಲುಬುಗಳು. ತಲೆಯ ಮೂಳೆ ಗುಡ್ಡ, ಕಣ್ಣಿನ ಜಾಗ ಬಾವಿ. ಬಾವಿಯ ತಳವೂ ಕಾಣುತ್ತಿತ್ತು. ಅಂಗೈಯಗಲದ ಕಲ್ಲು. ಇಷ್ಟು ದಿನ ಇದರ ಮೇಲೆ ಒಂಟಿ ಕಣ್ಣಲ್ಲಿ ಅಲೆದಿದ್ದೆ.

ಸೂಜಿ ತಂದೆ. ಅದರ ತುದಿ ಗಾಳಿಯಲ್ಲಿ ತೇಲುತ್ತಿರುವುದು ಕಾಣಿಸಿತು. ಇಳಿಸಿದೆ. ಕೆಳಗಿನಿಂದ ಅದರ ನೆರಳು ಎದುರು ಬಂದು ತುದಿಯನ್ನು ಮುಟ್ಟಿತು. ಓ, ತಾಗುವುದು ಅಂದರೆ ಇದು.

ಹಿಂದಿನಿಂದ ಗೋಂದಣ್ಣ, "ಗೆರೆ ಎಲ್ಲಿಗೆ ಹಾಕ್ಲಿ?"

"ಬೇಡಣ್ಣ."

ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ತಲೆ ಎತ್ತಲಿಲ್ಲ. ಅಳು ಬಂದರೆ ಗಾಜು ಮಸುಕಾಗುತ್ತದೆ.

ಮಾರ್ಚ್ 14

ಮೇಡಂಗೆ ಗೋಂದಣ್ಣ ಹೇಳಿಬಿಟ್ಟಿದ್ದಾನೆ. ಅವನ ಗೋಂದು ಮೂಳೆಗೆ ಹಿಡಿಯುತ್ತದೆ, ಬಾಯಿಗಲ್ಲ.

ಮೇಡಂ ಬಂದು ಮೇಜಿಗೆ ಒರಗಿ ನಿಂತರು. "ನಿಮ್ಮಕ್ಕ ಕೂತ ಮೊದಲನೇ ದಿನ ಈ ಯಂತ್ರ ನನ್ನ ಕಣ್ಣಿಗೆ ಹೊಂದಿತ್ತು. ನಾನಿನ್ನೂ ಎದ್ದಿರಲೂ ಇಲ್ಲ, ಕೈ ಹಾಕಿ ಅಗಲ ಮಾಡಿಬಿಟ್ಲು. 'ನಿಮ್ಮದು ಏನ್ ಇಕ್ಕಟ್ಟು ಮುಖ ಮೇಡಂ' ಅಂತ ಬೇರೆ!"

ಇಬ್ಬರೂ ನಕ್ಕೆವು. ಅಕ್ಕ ಅಂದರೆ ಅಕ್ಕನೇ.

ಮಧ್ಯಾಹ್ನ ಜೂಮ್ ತಿರುಗಿಸುತ್ತಾ ಹೋದೆ. ಮೀನು ದೊಡ್ಡದಾಯಿತು, ಅಂಚು ಕಳೆದುಕೊಂಡಿತು, ಬರೀ ನೆಲವಾಯಿತು. ಅಕ್ಕ ಕೆರೆದ ನೆಲ. ಸೂಜಿಯ ಗೀರುಗಳು ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಕಡೆಗೆ ವಾಲಿ. ಮೂಳೆ ಹತ್ತಿರ ಬಂದಾಗ ಗೀರು ಸಣ್ಣದಾಗುತ್ತದೆ, ಹಗುರಾಗುತ್ತದೆ, ಮೂಳೆಗೆ ಕೂದಲೆಳೆ ಮೊದಲೇ ನಿಲ್ಲುತ್ತದೆ. ಮನೆಯಲ್ಲಿ ಪಾತ್ರೆಗಳನ್ನು ದಡಬಡ ಹಾಕುತ್ತಿದ್ದವಳು. ಇಷ್ಟು ಮೆತ್ತನೆಯ ಕೈ ಎಲ್ಲಿ ಬಚ್ಚಿಟ್ಟಿದ್ದಳು?

ಅವಳ ಕೊನೆಯ ಗೀರು ಸಿಕ್ಕಿತು. ಅದರ ಪಕ್ಕ ನನ್ನ ಸೂಜಿ ಇಟ್ಟೆ.

ಮಾರ್ಚ್ 22

ಬಾಲದ ಬುಡ ಕಂಡಿದೆ. ಏನೂ ಮುರಿದಿಲ್ಲ.

ಅಮ್ಮ ಕೇಳುವುದನ್ನು ಬಿಟ್ಟಿದ್ದಾಳೆ. ನಾನೇ ಶುರು ಮಾಡಿದೆ. ಕಮಾನು, ಬಾವಿ, ನೆರಳು. ಮಾತು ಸಾಲದೆ ಚಮಚ, ಲೋಟ ಎಲ್ಲ ಜೋಡಿಸಿ ತೋರಿಸಿದೆ. ಕೇಳುತ್ತಾ ಕೇಳುತ್ತಾ ಅವಳ ಕೈ ತಟ್ಟೆಯಲ್ಲೇ ನಿಂತಿತು.

"ನಾನೂ ನೋಡಬಹುದೇನೇ?"

"ಮೇಡಮ್ಮನ್ನ ಕೇಳ್ತೀನಿ."

"ಬೇಡ ಬಿಡು. ಈ ಮುದುಕಿ ಕಣ್ಣಿಗೆ ಸೂಜಿಯ ಕಣ್ಣೇ ಕಾಣಲ್ಲ." ಅಂದವಳು ಒಳ್ಳೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ.

ಏಪ್ರಿಲ್ 2, ಸಂಜೆ

ನಿನ್ನೆ ಬಾಲ ಪೂರ್ತಿ ಬಂತು. ತುದಿಯಲ್ಲಿ ಬೀಸಣಿಗೆಯ ಹಾಗೆ ಹರಡಿದೆ. ಮೇಡಂ ಬಹಳ ಹೊತ್ತು ನೋಡಿದರು. "ಕಪಾಟಿಗಲ್ಲ, ಹೊರಗೆ ಇಡೋಣ, ಜನ ನೋಡಲಿ" ಅಂದರು. "ನಾಳೆ ಅಮ್ಮನ್ನ ಕರ್ಕೊಂಡ್ ಬನ್ನಿ."

ಇವತ್ತು ಅಮ್ಮ ಬಂದಳು. ಗೋಂದಣ್ಣ ಕುರ್ಚಿ ಒರೆಸಿ ಕೂರಿಸಿದ. ಐಪೀಸುಗಳನ್ನು ಅವಳ ಕಣ್ಣಿಗೆ ನಾನೇ ಹೊಂದಿಸಿದೆ. ಮಂಜು, ಮಂಜು ಅನ್ನುತ್ತಿದ್ದಳು. ಗುಂಡಿಯನ್ನು ಚೂರು ಚೂರೇ ತಿರುಗಿಸಿದೆ.

"ಅಯ್ಯೋ... ಇದು ಮಲಗಿದೆಯಲ್ಲೇ."

ಐಪೀಸಿನಿಂದ ಕಣ್ಣು ತೆಗೆಯದೆಯೇ ಕೇಳಿದಳು.

"ದೊಡ್ಡವಳು ಎಲ್ಲೀವರೆಗೆ?"

"ಹೊಟ್ಟೆಯವರೆಗೆ."

"ಗೊತ್ತೇ ಆಗಲ್ಲ ಕಣೇ," ಅಂದಳು. "ಒಬ್ಬಳೇ ಮಾಡಿದ ಹಾಗಿದೆ." ಅನ್ನುತ್ತಾ ಕೈ ಮುಂದೆ ಚಾಚಿದಳು, ಮೀನನ್ನು ಮುಟ್ಟಲು. ಅದು ಅಲ್ಲೇ ಕಣ್ಣೆದುರು ತೇಲುತ್ತಿತ್ತಲ್ಲ. ಬೆರಳು ಗಾಳಿಯಲ್ಲಿ ತಡಕಿತು. ಮೇಡಂ ನಕ್ಕರು. "ಎಲ್ಲರೂ ಹೀಗೇ ಕೈ ಹಾಕ್ತಾರೆ. ನಾನೂ ಹಾಕಿದ್ದೆ."

ಅಮ್ಮನ ಕೈ ಹಿಡಿದು ಮೆಲ್ಲಗೆ ಕಲ್ಲಿನ ಅಂಚಿಗೆ ತಂದು, ಅಂಗಾತ ಇಟ್ಟೆ. "ತೆಗೀಬೇಡ, ಹಾಗೇ ಇರಮ್ಮ." ಅವಳ ಮುಖವನ್ನು ಪಕ್ಕಕ್ಕೆ ಸರಿಸಿ, ಹೆಗಲ ಮೇಲಿಂದ ಬಗ್ಗಿ ಐಪೀಸಿನಲ್ಲಿ ನೋಡಿದೆ.

ಅಮ್ಮನ ಬೆರಳ ತುದಿ. ಉತ್ತ ನೆಲದ ಹಾಗೆ ಸಾಲು ಸಾಲು. ಸಾಲಿನ ಉಬ್ಬಿದ ಅಂಚಿನ ಮೇಲೆ ಸಣ್ಣ ಸಣ್ಣ ಗುಳಿ. ಒಂದು ಗುಳಿಯಲ್ಲಿ ಏನೋ ಮಿನುಗಿತು. ಬೆವರು. ಉಕ್ಕಿತು, ದುಂಡಗಾಯಿತು, ನಮ್ಮ ದೀಪವನ್ನು ಹೊತ್ತು ನಿಂತಿತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಸುಮ್ಮನೆ ಇಟ್ಟ ಬೆರಳು ಅಂದುಕೊಂಡಿದ್ದೆ. ಒಳಗೆ ಇಷ್ಟೊಂದು ಕೆಲಸ ನಡೆದೇ ಇದೆ. ಎಪ್ಪತ್ತು ದಾಟಿದ ಬೆರಳು. ಮಗಳನ್ನು ಕಳಿಸಿಕೊಟ್ಟ ಬೆರಳು. ಆಗಲೂ, ಆ ದಿನವೂ, ಹೀಗೇ...

"ಆಯ್ತೇನೇ? ಕೈ ಜೋಮು ಹಿಡೀತು."

"ಇನ್ನೊಂದು ಚೂರು ಇರಮ್ಮ."

ಈಗ ಮನೆಯಲ್ಲಿ ಇದನ್ನು ಬರೆಯುತ್ತಿದ್ದರೆ ಅಮ್ಮ ಒಳಗಿನಿಂದ ಕರೆಯುತ್ತಿದ್ದಾಳೆ. ಬಂದೆ ಅಂದೆ. ಅವಳ ಕೈಯನ್ನು ಇನ್ನೊಮ್ಮೆ ಹಿಡಿದು ನೋಡಬೇಕು.